ಡಿಸೆಂಬರ್ 23ರ ಸಂಜೆ ಯಾರದು?

ಮುಂಬೈಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಹಲವು ಕಚೇರಿಗಳಲ್ಲಿ ಡಿಸೆಂಬರ್ ಬಂತೆಂದರೆ ಒಂದು ಮೇಲ್ ಬರುತ್ತದೆ. ವರ್ಷಾಂತ್ಯದ ಸಮಾವೇಶ, ಬಹುಮಾನ ವಿತರಣೆ, ಆಮೇಲೆ ಊಟ. ತಾರೀಖು 22 ಇಲ್ಲವೇ 23. ಕೆಳಗೆ ದಪ್ಪಕ್ಷರದಲ್ಲಿ ಇನ್ನೊಂದು ಸಾಲು: ಎಲ್ಲರ ಹಾಜರಾತಿ ಕಡ್ಡಾಯ.

ಅಲ್ಲಿಂದ ಕಲಾನಗರ ದಾಟಿ, ರೈಲು ಹಳಿಯ ಆಚೆ ಬದಿಗೆ ಹೋದರೆ ಹಿಲ್ ರೋಡ್. ಕ್ರಿಸ್ಮಸ್ಸಿನ ಆ ವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾಗದದ ನಕ್ಷತ್ರಗಳು, ಗೋದಲಿಯ ಬೊಂಬೆಗಳು, ಬೇಕರಿಗಳ ಮುಂದೆ ಸಾಲು. ರಣ್ವಾರ್, ಚಿಂಬೈ, ಪಾಲಿಯ ಹಳೆಯ ಮನೆಗಳಲ್ಲಿ ಈ ನೆಲದ ಕ್ಯಾಥೊಲಿಕರೇ ಆದ ಈಸ್ಟ್ ಇಂಡಿಯನ್ ಕುಟುಂಬಗಳು. ಸುತ್ತಲಿನ ಕಟ್ಟಡಗಳಲ್ಲಿ ಗೋವೆಯವರು, ನಮ್ಮ ಮಂಗಳೂರು-ಉಡುಪಿ ಕಡೆಯ ಕ್ಯಾಥೊಲಿಕರು. ಇಲ್ಲಿನ ಸೇಂಟ್ ಆಂಡ್ರೂಸ್ ಚರ್ಚು ಪೋರ್ಚುಗೀಸರ ಕಾಲದ್ದು, 16ನೇ ಶತಮಾನದ್ದು. ಹಳಿಯ ಪೂರ್ವಕ್ಕಿರುವ ಗಾಜಿನ ಕಟ್ಟಡಗಳ ಕಾಂಪ್ಲೆಕ್ಸು 1970ರ ದಶಕದ ಯೋಜನೆ. ಒಂದೇ ಊರಿನ ಹೆಸರು ಹೊತ್ತ ಈ ಎರಡು ಭಾಗಗಳು ಡಿಸೆಂಬರಿನ ನಾಲ್ಕನೆಯ ವಾರದಲ್ಲಿ ಒಬ್ಬನೇ ಮನುಷ್ಯನನ್ನು ಎರಡೂ ಕಡೆಯಿಂದ ಎಳೆಯುತ್ತವೆ.

ಕಚೇರಿಯ ಪರವಾಗಿ ಹೇಳುವುದು ಬೇಕಾದಷ್ಟಿದೆ. 25ನೇ ತಾರೀಖು ಸಾರ್ವಜನಿಕ ರಜೆ. ಬ್ಯಾಂಕು, ಷೇರುಪೇಟೆ ಎಲ್ಲ ಮುಚ್ಚಿರುತ್ತವೆ. ಹಬ್ಬದ ದಿನವನ್ನೂ ಅದರ ಹಿಂದಿನ ರಾತ್ರಿಯನ್ನೂ ಬಿಟ್ಟುಕೊಡಬೇಕೆಂದೇ 23ನ್ನು ಆರಿಸಿದೆವು ಎಂದು ಆಡಳಿತದವರು ಹೇಳಿದರೆ ಅದು ಸುಳ್ಳಲ್ಲ. ವಿದೇಶದ ಗ್ರಾಹಕರು ರಜೆಗೆ ಹೋಗಿರುತ್ತಾರೆ, ಕೆಲಸದ ಒತ್ತಡ ಇಳಿದಿರುತ್ತದೆ. ಜನವರಿ ಹುಟ್ಟಿದರೆ ತ್ರೈಮಾಸಿಕ ಲೆಕ್ಕ, ಅದರ ಬೆನ್ನಿಗೇ ಮಾರ್ಚ್. ವಾರದಲ್ಲಿ ಎರಡು ದಿನ ಮನೆಯಿಂದ, ಮೂರು ದಿನ ಕಚೇರಿಯಿಂದ ದುಡಿಯುವ ತಂಡವನ್ನು ಒಂದೇ ಕೋಣೆಯಲ್ಲಿ ಕೂರಿಸಲು ಬೇರೆ ವಾರ ಸಿಗುವುದು ಕಷ್ಟ.

ಕಡ್ಡಾಯ ಯಾಕೆ ಎನ್ನುವುದಕ್ಕೂ ಉತ್ತರವಿದೆ. ಇಷ್ಟವಿದ್ದವರು ಬನ್ನಿ ಎಂದರೆ ವಿರಾರ್, ಕಲ್ಯಾಣ್, ಪನ್ವೇಲ್ ಕಡೆಯವರು ಆರು ಗಂಟೆಗೇ ಲೋಕಲ್ ಹಿಡಿಯುತ್ತಾರೆ. ಉಳಿಯುವವರು ಹತ್ತಿರದ ಮನೆಯವರು ಮತ್ತು ಮೇಲಧಿಕಾರಿಗೆ ಹತ್ತಿರದವರು. ಮುಂದಿನ ವರ್ಷ ಯಾರಿಗೆ ಯಾವ ಕೆಲಸ ಎಂಬ ಮಾತು ಇಂಥ ಸಂಜೆಗಳಲ್ಲೇ ಅರ್ಧ ಆಗಿಹೋಗುವುದರಿಂದ, ಎಲ್ಲರೂ ಇರಲೇಬೇಕು ಎನ್ನುವುದರಲ್ಲಿ ಒಂದು ಬಗೆಯ ಸಮಾನತೆಯಿದೆ. ಕಲಬುರಗಿಯಿಂದಲೋ ವಿಜಯಪುರದಿಂದಲೋ ಬಂದು ಕುರ್ಲಾದಲ್ಲಿ ನಾಲ್ವರ ಜೊತೆ ಒಂದು ಕೋಣೆ ಹಂಚಿಕೊಂಡಿರುವ ಹುಡುಗನಿಗೆ ಈ ಊಟವೇ ವರ್ಷದ ದೊಡ್ಡ ಸಂಭ್ರಮವಾಗಿರಬಹುದು. ಅವನ ಖುಷಿಯನ್ನು ಹಗುರವಾಗಿ ನೋಡಲು ನನಗೆ ಮನಸ್ಸಾಗುವುದಿಲ್ಲ.

ಈಗ ಊರಿಗೆ ಹೋಗಬೇಕಾದವರ ಮಾತು. ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಮಧ್ಯಾಹ್ನ ಹೊರಟು ಮರುದಿನ ಬೆಳಿಗ್ಗೆ ಮಂಗಳೂರು ಮುಟ್ಟುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸೇ ನಮ್ಮವರ ದಾರಿ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಹಬ್ಬಕ್ಕೆ ಊರು ಸೇರುವುದು ಒಂದು ರಾತ್ರಿಯ ಮಾತಾಯಿತು. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಅಂದರೆ ಡಿಸೆಂಬರ್ 23ರ ರೈಲಿಗೆ ಅಕ್ಟೋಬರ್ 24ರ ಬೆಳಿಗ್ಗೆ ಎಂಟಕ್ಕೆ ಬುಕಿಂಗ್ ಶುರು. ಹಬ್ಬದ ವಾರದ ಸೀಟುಗಳು ಎಷ್ಟು ಬೇಗ ವೇಟಿಂಗ್ ಲಿಸ್ಟ್ ಆಗುತ್ತವೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಕಚೇರಿಯ ಮೇಲ್ ಬರುವ ಹೊತ್ತಿಗೆ ಟಿಕೆಟ್ ಕೈಯಲ್ಲಿರುತ್ತದೆ, ಊರಿನಲ್ಲಿ ಅಮ್ಮನಿಗೆ ಸುದ್ದಿ ಹೋಗಿರುತ್ತದೆ. ಒಂದು ದಿನ ತಡವಾಗಿ ಬಾ ಎನ್ನುವುದು ಆ ವಾರದಲ್ಲಿ ಬರಲೇಬೇಡ ಎಂದಂತೆ.

ಮುಂಬೈಯಲ್ಲೇ ಹಬ್ಬ ಮಾಡುವವರಿಗೆ ರೈಲಿನ ತೊಂದರೆಯಿಲ್ಲ, ಬೇರೆಯದಿದೆ. ಕ್ರಿಸ್ಮಸ್ ಎಂದರೆ 25ನೇ ತಾರೀಖು ಎಂದುಕೊಳ್ಳುವುದು ಹೊರಗಿನವರ ಲೆಕ್ಕ. ಮನೆಯೊಳಗಿನ ಲೆಕ್ಕದಲ್ಲಿ ಹಬ್ಬ ಅದಕ್ಕೆ ಮೊದಲೇ ಬಂದಿರುತ್ತದೆ. 16ರಿಂದ ಒಂಬತ್ತು ದಿನದ ನೊವೆನಾ, ಪಾಪನಿವೇದನೆ, ವಠಾರ ವಠಾರಕ್ಕೆ ಹೋಗಿ ಹಾಡುವ ಕ್ಯಾರಲ್ ತಂಡ. ಎಲ್ಲಕ್ಕಿಂತ ಹೆಚ್ಚಿನ ಕೆಲಸ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳದು. ಕಿಡಿಯೊ, ನೆವ್ರಿ, ಚಕ್ಕುಲಿ, ತುಕ್ಡಿ ಯಾವುದೂ ಒಬ್ಬರ ಕೈಯಿಂದ ಆಗುವುದಲ್ಲ. ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಮಾಡಲು ಮೇಜಿನ ಸುತ್ತ ಮನೆಮಂದಿಯೆಲ್ಲ ಕೂರಬೇಕು. ಮಾತು, ಜಗಳ, ನಗು ಎಲ್ಲ ಅಲ್ಲೇ. ಆಮೇಲೆ ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳಿಗೆ ತಟ್ಟೆ ಹೋಗಬೇಕು. 24ರ ರಾತ್ರಿಯ ಬಲಿಪೂಜೆಯೂ ಈಗ ನಡುರಾತ್ರಿಯದೇ ಆಗಿ ಉಳಿದಿಲ್ಲ: ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಮುಂಬೈಯ ಹಲವು ಚರ್ಚುಗಳಲ್ಲಿ ಅದು ಬೇಗನೇ ಶುರುವಾಗುತ್ತದೆ. ಇಷ್ಟೆಲ್ಲ ಆದ ಮೇಲೆ ಬರುವ 25ರ ರಜೆ ಉಣ್ಣಲು, ನೆಂಟರ ಮನೆಗೆ ಹೋಗಲು ಸಿಗುವ ರಜೆ. ಹಬ್ಬವನ್ನು ಕಟ್ಟುವ ದಿನಗಳಿಗೆ ರಜೆಯಿಲ್ಲ, ಆ ದಿನಗಳ ಸಂಜೆಗಳನ್ನೇ ಕಚೇರಿ ಕೇಳುತ್ತಿರುವುದು. ಚೌತಿಯ ಹಿಂದಿನ ಸಂಜೆ, ಮನೆಗೆ ಗಣಪತಿ ತರುವ ಹೊತ್ತಿನಲ್ಲಿ, ಈ ನಗರದ ಯಾವ ಕಂಪನಿ ಹಾಜರಾತಿ ಕಡ್ಡಾಯ ಎಂದೀತು?

ಇನ್ನೊಂದನ್ನು ಹೇಳದಿರಲಾರೆ. ಪಾರ್ಟಿಗೆ ಕೆಂಪು ಟೋಪಿ, ಸೀಕ್ರೆಟ್ ಸಾಂಟಾ ಎಲ್ಲ ಇದ್ದರೆ, ನಿಮ್ಮ ಹಬ್ಬವಲ್ಲವೇ ಎಂದು ಅದರ ಏರ್ಪಾಡೂ ಕ್ರೈಸ್ತ ಸಹೋದ್ಯೋಗಿಯ ಹೆಗಲಿಗೇ ಬೀಳುತ್ತದೆ. ಕೇಳುವವರದು ಪ್ರೀತಿಯೇ. ಆದರೆ ಮನೆಯಲ್ಲಿ ಮಗಳ ಜೊತೆ ಗೋದಲಿ ಕಟ್ಟಬೇಕಾದವಳು ಕಚೇರಿಯ ರಿಸೆಪ್ಷನ್ನಿನಲ್ಲಿ ಪ್ಲಾಸ್ಟಿಕ್ ಮರಕ್ಕೆ ದೀಪ ಸುತ್ತುತ್ತಾಳೆ.

ಸಂಸ್ಥೆ ಮತ್ತು ಹಬ್ಬದ ನಡುವಿನ ಈ ಜಗ್ಗಾಟ ಒಮ್ಮೆ ದೇಶದ ಅತಿ ಎತ್ತರದ ಕಚೇರಿಯಲ್ಲೇ ನಡೆಯಿತು. 2015ರಲ್ಲಿ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನ ಏಪ್ರಿಲ್ 3ಕ್ಕೆ ಆರಂಭವೆಂದು ಗೊತ್ತಾಯಿತು. ಅಂದು ಗುಡ್ ಫ್ರೈಡೇ. ಸಮ್ಮೇಳನ ಮುಗಿಯುವ 5ರಂದು ಈಸ್ಟರ್. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದು ಆಕ್ಷೇಪಿಸಿದರು. ಇತರ ಧರ್ಮಗಳ ದೊಡ್ಡ ಹಬ್ಬಗಳಂದು ಹೀಗೆ ಸಭೆ ಇಡುವುದಿಲ್ಲವಲ್ಲ ಎಂಬುದು ಅವರ ಪ್ರಶ್ನೆ. ಆಗಿನ ಮುಖ್ಯ ನ್ಯಾಯಮೂರ್ತಿ ನಮ್ಮ ರಾಜ್ಯದವರೇ ಆದ ಎಚ್.ಎಲ್. ದತ್ತು. ಸಂಸ್ಥೆಯ ಹಿತ ಮೊದಲೋ, ವ್ಯಕ್ತಿಯ ಇಷ್ಟ ಮೊದಲೋ ಎಂದು ತೂಗಬೇಕಾಗುತ್ತದೆ ಎಂಬ ಧಾಟಿಯಲ್ಲಿ ಅವರು ಉತ್ತರಿಸಿದರು. ರಜೆ ಸೇರಿ ಬಂದ ದಿನಗಳಲ್ಲಿ ಸೇರಿದರೆ ಕೋರ್ಟಿನ ಕೆಲಸದ ದಿನ ಹಾಳಾಗುವುದಿಲ್ಲ ಎಂಬ ಕಾರಣವೂ ಇತ್ತು. ಸಮ್ಮೇಳನ ನಿಗದಿಯಂತೆ ನಡೆಯಿತು. ಕುರಿಯನ್ ಜೋಸೆಫ್ ಪ್ರಧಾನಿ ಕರೆದಿದ್ದ ಔತಣಕ್ಕೆ ಹೋಗಲಿಲ್ಲ. ಕೇರಳದಲ್ಲಿ ತಮ್ಮ ಕುಟುಂಬದವರ ಜೊತೆ ಇದ್ದರು.

ಕೋರ್ಟಿನಲ್ಲಿ ಬಾಕಿಯಿರುವ ಮೊಕದ್ದಮೆಗಳನ್ನು ನೆನೆದರೆ ದತ್ತು ಅವರ ಮಾತು ತೂಕದ್ದು. ಆದರೂ ವ್ಯಕ್ತಿಯ ಇಷ್ಟ ಎಂಬ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಗುಡ್ ಫ್ರೈಡೇ ಒಬ್ಬರ ಇಷ್ಟವಲ್ಲ, ಒಂದು ಸಮುದಾಯದ ದಿನ. ನೂರು ಜನರ ಕಚೇರಿಯಲ್ಲಿ ಮೂವರೇ ಕ್ರೈಸ್ತರಿದ್ದಾಗ ಅವರ ಹಬ್ಬ ಮೂವರ ಖಾಸಗಿ ಅಭಿರುಚಿಯಂತೆ ಕಾಣತೊಡಗುತ್ತದೆ. ಕುರಿಯನ್ ಜೋಸೆಫ್ ಅವರಿಗೆ ಪತ್ರ ಬರೆಯುವಷ್ಟು ಸ್ಥಾನವಿತ್ತು. ಪ್ರೊಬೇಷನ್ ಮುಗಿಯದ ಅಕೌಂಟ್ಸ್ ಸಹಾಯಕಿಗೆ ಅದಿಲ್ಲ.

ಕಡ್ಡಾಯವಾದ ಪಾರ್ಟಿ ಪಾರ್ಟಿಯೇ, ಕೆಲಸವೇ? ಕಂಪನಿಯ 'ಮೋಜಿನ' ಸಂಸ್ಕೃತಿಗೆ ಒಗ್ಗಲಿಲ್ಲವೆಂದು ಕೆಲಸ ಕಳೆದುಕೊಂಡ ಪ್ಯಾರಿಸ್ಸಿನ ಸಲಹಾ ಸಂಸ್ಥೆಯೊಂದರ ಉದ್ಯೋಗಿಯ ಪರವಾಗಿ ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ 2022ರ ನವೆಂಬರಿನಲ್ಲಿ ನಿಂತಿತು. ನಮ್ಮಲ್ಲಿ ಅಂಥ ತೀರ್ಪಿನವರೆಗೆ ಹೋಗಬೇಕಿಲ್ಲ. ಬಾರದಿದ್ದರೆ ಕಾರಣ ಕೇಳುತ್ತೀರಾದರೆ ಅದು ಕೆಲಸ. ಕೆಲಸವಾದರೆ ಅದರ ನಿಯಮಗಳೂ ಅನ್ವಯಿಸಬೇಕು. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯ್ದೆ ಹೆಚ್ಚುವರಿ ಹೊತ್ತಿನ ದುಡಿಮೆಗೆ ದುಪ್ಪಟ್ಟು ಸಂಬಳ ಕೊಡಬೇಕೆನ್ನುತ್ತದೆ. ರಾತ್ರಿ ಒಂಬತ್ತೂವರೆಯ ನಂತರ ಮಹಿಳೆಯರನ್ನು ದುಡಿಸಲು ಅವರ ಒಪ್ಪಿಗೆಯೂ ರಕ್ಷಣೆಯೂ ಬೇಕೆನ್ನುತ್ತದೆ. ಮ್ಯಾನೇಜರ್ ದರ್ಜೆಯವರು ಆ ಕಾಯ್ದೆಯ ಹೊರಗೆ. ಅದೇ ಕಾಯ್ದೆಯಲ್ಲಿ ಸಂಬಳಸಹಿತ ಎಂಟು ರಜೆಗಳಿವೆ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಜೊತೆಗೆ ವರ್ಷ ಆರಂಭವಾಗುವ ಮೊದಲೇ ಮಾಲೀಕರೂ ನೌಕರರೂ ಒಪ್ಪಿ ಗೊತ್ತುಮಾಡುವ ನಾಲ್ಕು ಹಬ್ಬಗಳು. ಮಾತುಕತೆಗೆ ಜಾಗ ಕಾನೂನಿನಲ್ಲೇ ಇದೆ. ಆದರೆ ಆ ಪಟ್ಟಿಯನ್ನು ಎಚ್.ಆರ್. ಒಬ್ಬರೇ ಕೂತು ಮಾಡುವುದು, ನೌಕರರು ನೋಟಿಸ್ ಬೋರ್ಡಿನಲ್ಲಿ ಓದುವುದು ರೂಢಿಯಾಗಿದೆ.

ಹಬ್ಬದ ಮುನ್ನಾದಿನ ದುಡಿಯಲೇಬೇಕಾದವರೂ ಇದ್ದಾರೆ. ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಯ ನರ್ಸ್‌ಗೆ, ಬೇಕರಿಯ ಒಲೆಯ ಮುಂದೆ ನಿಂತವನಿಗೆ, ಉಡುಪಿ ಹೋಟೆಲಿನ ಸಪ್ಲೈಯರ್‌ಗೆ, ಬೆಸ್ಟ್ ಬಸ್ಸಿನ ಕಂಡಕ್ಟರ್‌ಗೆ ಆ ಸಂಜೆ ಬಿಡುವಿಲ್ಲ. ಅವರ ಎದುರಿನಲ್ಲಿ ಎ.ಸಿ. ಸಭಾಂಗಣದ ಊಟಕ್ಕೆ ಹೋಗಬೇಕಾದವರ ದೂರು ಸಣ್ಣದೆನಿಸಬಹುದು. ನನಗೆ ಅದು ಬೇರೆ ರೀತಿ ಕಾಣುತ್ತದೆ. ರೋಗಿಯ ಪಕ್ಕದಲ್ಲಿ ಒಬ್ಬರು ಇರಲೇಬೇಕು ಎಂದಾಗ ನರ್ಸ್ ತನ್ನ ಹಬ್ಬವನ್ನು ಬಿಟ್ಟುಕೊಡುವುದಕ್ಕೆ ಅರ್ಥವಿದೆ. ಬಹುಮಾನ ವಿತರಣೆಗೆ ಡಿಸೆಂಬರ್ 12 ಆದರೂ ನಡೆಯುತ್ತದೆ, ಹಗಲು ಹನ್ನೊಂದಾದರೂ ನಡೆಯುತ್ತದೆ.

ಆದ್ದರಿಂದ ಎಲ್ಲರನ್ನೂ ವರ್ಷಕ್ಕೊಮ್ಮೆ ಕರೆಯುವ ಹಕ್ಕು ಕಚೇರಿಗಿದೆ ಎಂದು ಒಪ್ಪುತ್ತೇನೆ. ಕರೆದದ್ದು ಕೆಲಸದ ವೇಳೆಯಲ್ಲಾದರೆ ಕಡ್ಡಾಯ ಎಂದರೂ ತಪ್ಪಿಲ್ಲ. 20ರ ನಂತರದ ಸಂಜೆಗಳನ್ನು ಮಾತ್ರ ಕೇಳಬಾರದು, ಕೇಳಿದರೂ ಇಲ್ಲ ಎನ್ನುವವರಿಂದ ಕಾರಣಪತ್ರ ಬರೆಸಬಾರದು. ನೌಕರರ ಕಡೆಯಿಂದಲೂ ಒಂದು ಕೆಲಸ ಬಾಕಿಯಿದೆ. ಡಿಸೆಂಬರಿನ ಮೇಲ್ ಬಂದ ಮೇಲೆ ಒಳಗೊಳಗೇ ನೊಂದುಕೊಳ್ಳುವ ಬದಲು, ರಜೆಯ ಪಟ್ಟಿ ತಯಾರಾಗುವಾಗಲೇ ಈ ವಾರ ನಮ್ಮದು ಎಂದು ಹೇಳಬೇಕು. ಮೂವರೇ ಇದ್ದರೆ ಅವರ ಪರವಾಗಿ ಉಳಿದ ತೊಂಬತ್ತೇಳು ಜನರಲ್ಲಿ ಒಬ್ಬರಾದರೂ ಬಾಯಿ ಬಿಟ್ಟರೆ ಇನ್ನೂ ಒಳ್ಳೆಯದು. ಸಮಾವೇಶದ ತಾರೀಖು ಅಕ್ಟೋಬರ್ 24ಕ್ಕೆ ಮೊದಲೇ ತಿಳಿಯಲಿ. ಅದರ ನಂತರ ಗೊತ್ತುಮಾಡಿದ್ದಾದರೆ, ಮತ್ಸ್ಯಗಂಧದ ಟಿಕೆಟ್ ತೋರಿಸಿದವರನ್ನು ಮರುಮಾತಿಲ್ಲದೆ ಕಳಿಸಿಕೊಡಬೇಕು.