ಹೆದರಿಕೆಯ ಜಾಹೀರಾತು

ಮಾದಕ ವಸ್ತುಗಳಿಂದ ಎಳೆಯರನ್ನು ಉಳಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆಂದು ಹೊರಡಿಸುವ ಜಾಹೀರಾತುಗಳು ನಿಜವಾಗಿಯೂ ಫಲ ಕೊಡುತ್ತವೆಯೇ ಎಂದು ನಾವು ವಿಚಾರ ಮಾಡಬೇಡವೆ?

ಈ ವಿಷಯದಲ್ಲಿ ಅಮೆರಿಕದ ಅನುಭವ ಬೋಧಪ್ರದವಾಗಿದೆ. 1987ರಲ್ಲಿ ಅಲ್ಲಿ ಕಾದ ಬಾಣಲೆಗೆ ಮೊಟ್ಟೆ ಒಡೆದು ಹಾಕಿ, ಮಾದಕ ವಸ್ತು ಸೇವಿಸುವವನ ಮಿದುಳಿಗೂ ಇದೇ ಗತಿಯೆಂದು ದೂರದರ್ಶನದಲ್ಲಿ ತೋರಿಸಿದರು. ಮುಂದೆ 1998ರಿಂದ 2004ರ ವರೆಗೆ ಸರ್ಕಾರವೇ ಹುಡುಗರಿಗಾಗಿ ಜಾಹೀರಾತು ಪ್ರಚಾರ ನಡೆಸಿ ಸುಮಾರು ನೂರು ಕೋಟಿ ಡಾಲರು ವೆಚ್ಚ ಮಾಡಿತು. ನೂರಕ್ಕೆ 94 ಮಂದಿ ಎಳೆಯರು ಅವನ್ನು ತಿಂಗಳಿಗೊಮ್ಮೆಯಾದರೂ ಕಂಡರು. 2008ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಅದರಿಂದ ಗಾಂಜಾ ಸೇವನೆ ತಗ್ಗಿತೆಂಬುದಕ್ಕೆ ಆಧಾರ ಸಿಗಲಿಲ್ಲ. ಬದಲಾಗಿ, ಹೆಚ್ಚು ನೋಡಿದವರ ವಿರೋಧ ಸಡಿಲಗೊಂಡ ಕುರುಹುಗಳು ಕಂಡವು! ಎಲ್ಲೆಲ್ಲೂ ‘ಬೇಡ, ಬೇಡ’ ಎಂದು ಸಾರಿದರೆ, ಎಲ್ಲರೂ ಸೇದುತ್ತಿರಬೇಕೆಂದು ಹುಡುಗರು ಭಾವಿಸಿರಬಹುದೆಂಬುದು ಪರಿಶೀಲಕರ ಊಹೆ.

ಅದೇ 1998ರಲ್ಲಿ ಫ್ಲಾರಿಡಾ ರಾಜ್ಯವು ತಂಬಾಕಿನ ವಿರುದ್ಧ ಬೇರೆ ದಾರಿ ಹಿಡಿಯಿತು. ಹುಡುಗರೇ ಜಾಹೀರಾತು ರೂಪಿಸುವುದರಲ್ಲಿ ಪಾಲುಗೊಂಡರು. ಹೆದರಿಸುವ ಬದಲು ಕಂಪನಿಗಳ ವಂಚನೆಯನ್ನು ಬಯಲಿಗೆಳೆದರು. ಜೊತೆಗೆ ಶಾಲೆಗಳಲ್ಲಿ, ಊರುಗಳಲ್ಲಿ ಕೆಲಸ ನಡೆಯಿತು. ಎರಡೇ ವರ್ಷಗಳಲ್ಲಿ ಮಾಧ್ಯಮಿಕ ಶಾಲೆಯ ಮಕ್ಕಳಲ್ಲಿ ಸಿಗರೇಟು ಸೇದುವವರು ನೂರಕ್ಕೆ 18.5ರಿಂದ 11.1ಕ್ಕೆ ಇಳಿದರು.

ನಮ್ಮಲ್ಲಿಯೂ 2012ರಿಂದ ಚಿತ್ರಮಂದಿರಗಳಲ್ಲಿ ತಂಬಾಕುವಿರೋಧಿ ಚಿತ್ರಗಳನ್ನು ತೋರಿಸುತ್ತಾರೆ. ತೆರೆಯ ಮೇಲೆ ರೋಗಿಯ ಮುಖ ಮೂಡಿದಾಗ ಹಿಂದಿನ ಸಾಲಿನ ಹುಡುಗರು ನಗುವುದನ್ನು ನಾನು ಕೇಳಿದ್ದೇನೆ. ಅವರು ಕಟುಕರಲ್ಲ. ಹೆದರಿಸಲು ಬಂದವರೆದುರು ಧೈರ್ಯ ಮೆರೆಯುವುದು ಆ ವಯಸ್ಸಿನ ಧರ್ಮ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರು ಬೀಡಿ ಕಟ್ಟಿನ ಮೇಲಿನ ಎಚ್ಚರಿಕೆಯ ಚಿತ್ರವನ್ನು ನೋಡಿಯೇ ಕಡ್ಡಿ ಗೀರುತ್ತಾರೆ. ಹೈಸ್ಕೂಲಿನಲ್ಲಿರುವ ತಮ್ಮ ಅದನ್ನೂ ನೋಡುತ್ತಾನೆ, ನನ್ನನ್ನೂ ನೋಡುತ್ತಾನೆ. ಅವನಿಗೆ ನಾನೇನು ಹೇಳಲಿ? ‘ಸತ್ತುಹೋಗುತ್ತೀಯೆ’ ಎಂದಲ್ಲ. ‘ನಿನ್ನ ಕಾಸಿನಿಂದ ಯಾರ ಜೇಬು ತುಂಬುತ್ತದೆ, ಲೆಕ್ಕ ಹಾಕು, ನಿನ್ನ ಗೆಳೆಯರಲ್ಲಿ ಸೇದದವರೆಷ್ಟು, ಎಣಿಸು’ ಎನ್ನುತ್ತೇನೆ.

ಜೂನ್ 26 ಮಾದಕ ವಸ್ತು ವಿರೋಧಿ ದಿನ. ಅಂದು ಗೋಡೆಯ ಮೇಲೆ ತಲೆಬುರುಡೆ ಬರೆದು ಕೈ ತೊಳೆದುಕೊಳ್ಳುವುದು ಸುಲಭ. ಅದರ ಬದಲು ನಾವು ಪದವಿ ತರಗತಿಯವರು ಹತ್ತಿರದ ಹೈಸ್ಕೂಲುಗಳಿಗೆ ಹೋಗಿ, ಹುಡುಗರೊಡನೆ ಕುಳಿತು, ಅವರ ಮಾತನ್ನು ಮೊದಲು ಕೇಳೋಣ. ತರುಣನ ಸ್ವಾಭಿಮಾನವನ್ನು ಎಬ್ಬಿಸಿದವನೇ ಅವನನ್ನು ಉಳಿಸಬಲ್ಲ, ಹೆದರಿಸಿದವನಲ್ಲ. ಗುರುಗಳು ದಾರಿ ತೋರಿದರೆ ಹೊರಡಲು ನಾವು ಸಿದ್ಧರಿದ್ದೇವೆ.