ಫಾರಂನಲ್ಲಿ ಒಂದೇ ಗೆರೆ

ಪ್ರವೇಶದ ಫಾರಂನಲ್ಲಿ ‘ಮನೆಭಾಷೆ’ ಎಂದು ಕೇಳಿದ್ದರು. ಬರೆಯಲು ಒಂದೇ ಗೆರೆ ಜಾಗ. ‘ಕನ್ನಡ’ ಎಂದು ಬರೆದುಕೊಟ್ಟೆ. ಎದುರಿಗಿದ್ದ ಮೇಡಂ ಓದಿ, ತುಂಬ ಸೌಜನ್ಯದಿಂದಲೇ, “ಮನೆಯಲ್ಲೂ ಇಂಗ್ಲಿಷ್ ಶುರು ಮಾಡಿಬಿಡಿ, ಮಗುವಿಗೆ ಕನ್‌ಫ್ಯೂಸ್ ಆಗಬಾರದಲ್ಲ” ಎಂದರು. ಹೊರಗಿನ ಬೋರ್ಡಿನಲ್ಲಿ ‘ಬೈಲಿಂಗ್ವಲ್ ಮಾಂಟೆಸರಿ’ ಎಂದಿತ್ತು. ಎರಡು ಭಾಷೆ ಕಲಿಸುತ್ತೇವೆ ಎನ್ನುವವರೇ ಒಂದನ್ನು ಬಿಡಿ ಎನ್ನುತ್ತಿದ್ದರು.

ಅಲ್ಲಿಗೆ ಸೇರಿಸಲಿಲ್ಲ. ಆದರೆ ಸೇರಿಸಿದ್ದು ಇನ್ನೊಂದು ದ್ವಿಭಾಷಾ ಮಾಂಟೆಸರಿಗೇ. ಯಾಕೆ ಎಂದು ಹೇಳಬೇಕು.

ಮೊದಲು ಈ ಗೊಂದಲದ ಮಾತು. ನನ್ನ ಮೂರೂವರೆ ವರ್ಷದ ಮಗಳು ಠಾಕುರ್ಲಿ ಸ್ಟೇಷನ್ ಹೊರಗಿನ ತರಕಾರಿ ಮಾವಶಿಯ ಹತ್ತಿರ ಮರಾಠಿ, ಬಿಲ್ಡಿಂಗಿನ ವಾಚ್‌ಮನ್ ಹತ್ತಿರ ಹಿಂದಿ, ನನ್ನ ಹತ್ತಿರ ಧಾರವಾಡದ ಕನ್ನಡ ಆಡುತ್ತಾಳೆ. “ಅಮ್ಮ, ಭಾಜಿ ಕಟ್ ಮಾಡೂದು ಮುಗೀತೇನು?” ಅಂತಾಳೆ. ಮೂರು ಭಾಷೆಯ ಪದಗಳು, ನಿಜ. ಆದರೆ ‘ಕಟ್’ಗೆ ‘ಮಾಡು’ ಸೇರಿಸಿದ್ದು, ಪ್ರಶ್ನೆಯನ್ನು ಕ್ರಿಯಾಪದದ ಬಾಲಕ್ಕೆ ಅಂಟಿಸಿದ್ದು ಅಪ್ಪಟ ಕನ್ನಡ ವ್ಯಾಕರಣ. ಗೊಂದಲವಾಗಿದ್ದರೆ ಮೊದಲು ಅದೇ ಕೆಡಬೇಕಿತ್ತು. ದ್ವಿಭಾಷಿಕ ಎಂದರೆ ಒಂದೇ ತಲೆಯೊಳಗೆ ಕೂತ ಇಬ್ಬರು ಏಕಭಾಷಿಕರಲ್ಲ ಎಂದು ಫ್ರಾಂಸ್ವಾ ಗ್ರೋಜಾನ್ 1989ರಲ್ಲೇ ವಾದಿಸಿದ್ದ. ಎಂ.ಎ. ಓದುವಾಗ ಪರೀಕ್ಷೆಗೆಂದು ಬರೆದ ಉತ್ತರ ಈಗ ಅಡುಗೆಮನೆಯಲ್ಲಿ ಕೇಳಿಸುತ್ತಿದೆ.

‘ಮಾಂಟೆಸರಿ’ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಹಾಕಿಕೊಳ್ಳಬಹುದು, ‘ಬೈಲಿಂಗ್ವಲ್’ ಪದವನ್ನೂ ಅಷ್ಟೇ. ನಾನು ನೋಡಿದ ಶಾಲೆಗಳಲ್ಲಿ ಮಣಿ ಎಣಿಸುವುದು, ನೀರು ಸುರಿಯುವುದು, ಜಗಳ ಬಿಡಿಸುವುದು ಇಂಗ್ಲಿಷಿನಲ್ಲಿ. ಮರಾಠಿಗೆ ಮಾತ್ರ ಹಾಡು, ಹಬ್ಬ. ಯಾವ ಭಾಷೆಯಲ್ಲಿ ಕೆಲಸ ನಡೆಯುತ್ತದೆ, ಯಾವುದು ಬರೀ ಶೃಂಗಾರಕ್ಕೆ ಎಂದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ನಾವು ಆರಿಸಿದ ಶಾಲೆ ಚಿಕ್ಕದು, ಗೋಡೆಯ ಬಣ್ಣವೂ ಅಷ್ಟಕ್ಕಷ್ಟೆ. ಆದರೆ ಅಲ್ಲಿ ಒಬ್ಬ ತಾಯಿ ಬೆಳಗಿನಿಂದ ಮರಾಠಿಯಲ್ಲೇ ಲೆಕ್ಕ ಹೇಳಿಕೊಡುತ್ತಾರೆ, ಮರಾಠಿಯಲ್ಲೇ ಗದರುತ್ತಾರೆ. ನನಗೆ ಬೇಕಿದ್ದದ್ದು ಆ ಗದರಿಕೆ.

ಇದು ಇಲ್ಲಿಗೆ ಹೊಸದೂ ಅಲ್ಲ. ಮಾರಿಯಾ ಮಾಂಟೆಸರಿ ಮದ್ರಾಸಿಗೆ ಬಂದಿಳಿದದ್ದು 1939ರಲ್ಲಿ. ಅದಕ್ಕೂ ಮೊದಲೇ, 1920ರಲ್ಲಿ, ಗಿಜುಭಾಯಿ ಬಧೇಕಾ ಭಾವನಗರದಲ್ಲಿ ಬಾಲಮಂದಿರ ತೆರೆದಿದ್ದರು, ಗುಜರಾತಿಯಲ್ಲಿ. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿಗೆ ಬಂದರು. ಆಗ ಅದು ನಮ್ಮ ಠಾಣೆ ಜಿಲ್ಲೆಯದೇ ಊರು. ಅನುತಾಯಿ ವಾಘ್ ಅವರೊಂದಿಗೆ ಬಡವರ, ಆದಿವಾಸಿಗಳ ಮಕ್ಕಳಿಗೆ ಬಾಲವಾಡಿ ನಡೆಸಿದರು. ದುಬಾರಿ ಸಲಕರಣೆಗೆ ಬದಲು ಊರಲ್ಲಿ ಸಿಗುವ ಸಾಮಾನನ್ನೇ ಬಳಸಿದರು. ಅದೇ ಪದ್ಧತಿ ಈಗ ಇಂಗ್ಲಿಷಿನ ಹೊಸ್ತಿಲಾಗಿ ಮಾರಾಟಕ್ಕಿದೆ.

“ಹಾಗಿದ್ರ ಕನ್ನಡ ಸಾಲಿಗೇ ಹಾಕಬೇಕಿತ್ತಲ್ಲ?” ಎಂದು ಅಮ್ಮ ಫೋನಿನಲ್ಲಿ ಕೇಳಿದಳು. ಕನ್ನಡದಿಂದಲೇ ಹೊಟ್ಟೆ ಹೊರೆಯುವ ನನಗೆ ಇದಕ್ಕೆ ಚಂದದ ಉತ್ತರವಿಲ್ಲ. ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಓದಿದವರ ಮುಂಬೈ ಇದು. ಮುಂದೆ ನಮಗೆ ಎಲ್ಲಿಗೆ ವರ್ಗವಾಗುತ್ತದೋ ಎಂಬ ಭಯ ನನ್ನದು, ಅಷ್ಟೇ. ತತ್ವ ಏನೂ ಇಲ್ಲ. 2020ರ ಕಾಯ್ದೆಯಿಂದ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ, ಇಂಗ್ಲಿಷ್ ಹೇಗೂ ಬಿಡುವುದಿಲ್ಲ. ಕನ್ನಡದ ಜವಾಬ್ದಾರಿ ಮನೆಯದು, ಅಂದರೆ ನನ್ನದು. ಲಾಲಿ ಹಾಡಿದರೆ ಸಾಲದು, ಅದಕ್ಕೂ ಕೆಲಸ ಕೊಡಬೇಕು.

ಹಾಗಾಗಿ ಮರಳುಕಾಗದ ತಂದು ಅಕ್ಷರ ಕತ್ತರಿಸತೊಡಗಿದೆ. ಮಾಂಟೆಸರಿ ಮನೆಯಲ್ಲಿ ಮಕ್ಕಳು ಅಕ್ಷರವನ್ನು ಬೆರಳಿನಿಂದ ಸವರಿ ಅದರ ಉಲಿ ಹೇಳುತ್ತವೆ. ಶಾಲೆಯ ದೇವನಾಗರಿ ಇಲ್ಲಿ ಅಡ್ಡಿಯಲ್ಲ, ಸಹಾಯವೇ: ಕ, ಚ, ಟ, ತ, ಪ ಎಂಬ ಸಾಲು ಎರಡರಲ್ಲೂ ಒಂದೇ. ಹಿಂದಿ, ಇಂಗ್ಲಿಷಿನಲ್ಲಿ ಇಲ್ಲದ ಳಕಾರ ಮರಾಠಿಯಲ್ಲಿದೆ. ‘ಬಾಳ’, ‘ಫಳ’ ಎಂದು ಶಾಲೆಯಲ್ಲಿ ಹೊರಳಿದ ನಾಲಿಗೆ ಮನೆಗೆ ಬಂದು ‘ಹಳ್ಳ’ ಅನ್ನಲು ತಡವರಿಸುವುದಿಲ್ಲ.

ಕಷ್ಟ ಬಂದದ್ದು ಬೇರೆಡೆ. ಇಂಗ್ಲಿಷಿನ ಬಿಡಿ ಅಕ್ಷರಗಳನ್ನು ಪಕ್ಕಪಕ್ಕ ಇಟ್ಟರೆ ‘ಕ್ಯಾಟ್’ ಆಗಿಬಿಡುತ್ತದೆ. ಕನ್ನಡದ ಮಗು ಮೊದಲು ಬರೆಯಬೇಕೆನ್ನುವ ಪದಗಳನ್ನು ನೋಡಿ: ಅಮ್ಮ, ಅಪ್ಪ, ಅಜ್ಜಿ, ಅಣ್ಣ, ಅಕ್ಕ. ಎಲ್ಲಕ್ಕೂ ಒತ್ತು! ಕರ್ನಾಟಕದ ಒಂದನೇ ತರಗತಿಯ ಪುಸ್ತಕ ರ, ಗ, ಸ, ದ, ಅ ಎಂದು ಶುರುಮಾಡಿ ‘ಸರ’, ‘ಅರಸ’ ಎಂದು ಜಾಣತನದಿಂದ ದಾಟಿಕೊಳ್ಳುತ್ತದೆ. ಆದರೆ ನನ್ನ ಮಗಳಿಗೆ ಅರಸ ಬೇಡ, ಅಜ್ಜಿ ಬೇಕು. ಒತ್ತನ್ನು ಬೇರೆ ಬಣ್ಣದ ಚಿಕ್ಕ ತುಂಡಾಗಿ ಕತ್ತರಿಸಿದೆ, ಅವು ಸೋಫಾದ ಕೆಳಗೆ ಸೇರಿಹೋದವು. ನಿನ್ನೆ ಸಂಜೆ ಅವಳು ನೆಲದ ಮೇಲೆ ‘ಅ’ ಇಟ್ಟು, ಪಕ್ಕದಲ್ಲಿ ಎರಡು ‘ಮ’ ಜೋಡಿಸಿ, “ನೋಡು, ನೀನು” ಅಂದಳು. ಅಮಮ. ನಾನು ತಿದ್ದಲಿಲ್ಲ.