ಆಟವಿಲ್ಲದ ಹತ್ತು ತಿಂಗಳು

ಕರಾವಳಿಯ ಯಕ್ಷಗಾನ ಮೇಳಗಳು ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಮಳೆಗಾಲ ಕಳೆದು ಮುಂದಿನ ತಿರುಗಾಟ ಹೊರಡುವವರೆಗೆ ಆಟವಿಲ್ಲ. ಆದರೆ ಆಟದ ಮಾತಿಗೆ ಬರಗಾಲವೂ ಇಲ್ಲ. ಯಾವ ಭಾಗವತರು ಯಾವ ಮೇಳಕ್ಕೆ ಹೋಗುವರು, ಯಾವ ವೇಷಧಾರಿಯನ್ನು ಯಾವ ಯಜಮಾನರು ಸೆಳೆದುಕೊಂಡರು ಎಂಬ ಚರ್ಚೆ ಹೊರಗೆ ಮಳೆ ಸುರಿಯುತ್ತಿರುವಾಗ ಜಗುಲಿ ಜಗುಲಿಗಳಲ್ಲಿ ನಡೆಯುತ್ತಿರುತ್ತದೆ. ವೃತ್ತಿಪರ ಕಾಲ್ಚೆಂಡಾಟದ ಅಭಿಮಾನಿಗೂ ವರ್ಷದಲ್ಲಿ ಇಂಥದೇ ಒಂದು ಬಿಡುವಿನ ಕಾಲವುಂಟು. ಅವನು ಆಗ ಕಳೆದ ಸೋಲನ್ನು ಮರೆಯುತ್ತಾನೆ, ಬರಲಿರುವ ಆಟಗಾರರ ಹೆಸರುಗಳನ್ನು ಉರು ಹಚ್ಚುತ್ತಾನೆ, ಇನ್ನೂ ಆಡದ ಪಂದ್ಯಗಳನ್ನೆಲ್ಲ ಮನಸ್ಸಿನಲ್ಲಿಯೇ ಗೆಲ್ಲುತ್ತಾನೆ. ನಿಜ ಹೇಳಬೇಕಾದರೆ ಅಭಿಮಾನಿಯು ಅತ್ಯಂತ ಸುಖಿಯಾಗಿರುವುದು ಆಟವಿಲ್ಲದ ಈ ದಿನಗಳಲ್ಲಿಯೇ.

ನಾನು ಬೆಂಗಳೂರು ಎಫ್.ಸಿ. ತಂಡದ ಅಭಿಮಾನಿಗಳಲ್ಲೊಬ್ಬ. 2013ರಲ್ಲಿ ಜೆ.ಎಸ್.ಡಬ್ಲ್ಯು. ಉದ್ಯಮ ಸಮೂಹದವರು ಕಟ್ಟಿದ ಈ ತಂಡವು ತಾನು ಆಡಿದ ಮೊದಲನೆಯ ಋತುವಿನಲ್ಲಿಯೇ ಐ-ಲೀಗ್ ಪ್ರಶಸ್ತಿಯನ್ನು ಗೆದ್ದಿತು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಯಿತು. 2019ರಲ್ಲಿ ಇಂಡಿಯನ್ ಸೂಪರ್ ಲೀಗಿನ ಕಿರೀಟವನ್ನೂ ಧರಿಸಿತು. ಈ ಗೆಲುವುಗಳಿಗಿಂತ 2017ರ ಬಿಡುವಿನ ಕಾಲವೇ ನನ್ನ ನೆನಪಿನಲ್ಲಿ ಹೆಚ್ಚು ಸವಿಯಾಗಿ ಉಳಿದಿದೆ. ತಂಡವು ಐ-ಲೀಗನ್ನು ಬಿಟ್ಟು ಸೂಪರ್ ಲೀಗಿಗೆ ಸೇರಿದ ವರ್ಷವದು. ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ಆಟಗಾರರ ಹಂಚಿಕೆ ನಡೆಯಿತು. ಸುನಿಲ್ ಛೇತ್ರಿಯನ್ನೂ ಉದಾಂತ ಸಿಂಗನನ್ನೂ ನಮ್ಮವರು ಉಳಿಸಿಕೊಂಡರು. ಉಳಿದ ಹಲವರು ಊರೂರಿಗೆ ಚದರಿಹೋದರು. ಆಗಸ್ಟಿನಲ್ಲಿ ನಾರ್ವೆ ದೇಶದ ಕ್ಲಬ್ಬಿನಿಂದ ಗೋಲುರಕ್ಷಕ ಗುರುಪ್ರೀತ್ ಸಿಂಗ್ ಸಂಧು ಬಂದ. ವೆನೆಜುವೆಲದ ಮೀಕು ಎಂಬಾತನೂ ಬಂದ. ಅವನ ಹೆಸರನ್ನು ನಮ್ಮಲ್ಲಿ ಬಹಳ ಜನ ಅದುವರೆಗೆ ಕೇಳಿರಲಿಲ್ಲ. ಆತ ಆ ಋತುವಿನಲ್ಲಿ 15 ಗೋಲು ಹೊಡೆದ. ಕೊನೆಗೆ ನಮ್ಮದೇ ಕಂಠೀರವ ಕ್ರೀಡಾಂಗಣದಲ್ಲಿ ಚೆನ್ನೈಯಿನ್ ತಂಡಕ್ಕೆ 2-3ರಿಂದ ಸೋತುದೂ ಆಯಿತು. ಸೋತೆವೆಂಬ ನೋವು ಬೇರೆ, ಆದರೆ ಆ ಮಳೆಗಾಲದ ಕಾತರವೆಲ್ಲ ವ್ಯರ್ಥವಾಯಿತೆಂದು ನನಗೆ ಎಂದೂ ಅನ್ನಿಸಿಲ್ಲ.

ಇದಕ್ಕೆ ತೀರ ವ್ಯತಿರಿಕ್ತವಾದುದು 2025ರ ಬಿಡುವು. ಆ ವರ್ಷ ಏಪ್ರಿಲ್ 12ರಂದು ಕಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮೋಹನ್ ಬಗಾನ್ ತಂಡದೆದುರು ಹೆಚ್ಚುವರಿ ಕಾಲದಲ್ಲಿ 1-2ರಿಂದ ಸೋತು ನಮ್ಮವರು ಗೆಜ್ಜೆ ಬಿಚ್ಚಿದರು. ನಲವತ್ತು ತುಂಬಿದ ಛೇತ್ರಿ ಆ ಋತುವಿನಲ್ಲಿ 14 ಗೋಲು ಹೊಡೆದಿದ್ದ. ಆ ಸಲ ಬೇರಾವ ಭಾರತೀಯನೂ ಲೀಗಿನಲ್ಲಿ ಅಷ್ಟು ಹೊಡೆದಿರಲಿಲ್ಲ. ಇನ್ನೊಂದು ವರ್ಷ ಆಡಿಯಾನೆ, ಅವನ ಸ್ಥಾನವನ್ನು ತುಂಬುವವರಾರು, ಹಿಂಬದಿಯ ಸಾಲಿಗೆ ಎಂಥವನು ಬೇಕು ಎಂದು ನಾವು ಎಂದಿನಂತೆ ತಲೆಕೆಡಿಸಿಕೊಳ್ಳುತ್ತಿದ್ದೆವು. ಜುಲೈ 11ರಂದು ಲೀಗನ್ನು ನಡೆಸುವ ಎಫ್.ಎಸ್.ಡಿ.ಎಲ್. ಸಂಸ್ಥೆಯು ಮುಂದಿನ ಋತುವನ್ನು ತಡೆಹಿಡಿದಿರುವುದಾಗಿ ಪತ್ರ ಬರೆಯಿತು. ಅಂದಿನಿಂದ ನಮ್ಮ ಚರ್ಚೆಗಳಲ್ಲಿ ಆಟಗಾರರ ಹೆಸರುಗಳು ಮಾಯವಾದುವು, ಕಾನೂನಿನ ಪದಗಳು ಒಳಹೊಕ್ಕುವು.

ಕಾರಣವನ್ನು ಸಂಕ್ಷೇಪವಾಗಿ ಹೇಳುವುದಾದರೆ ಇಷ್ಟು. 2010ರ ಡಿಸೆಂಬರಿನಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ದೇಶದ ಕಾಲ್ಚೆಂಡಾಟದ ವಾಣಿಜ್ಯ ಹಕ್ಕುಗಳನ್ನು 15 ವರ್ಷಗಳ ಅವಧಿಗೆ, ಒಟ್ಟು 700 ಕೋಟಿ ರೂಪಾಯಿಗೆ, ಐ.ಎಂ.ಜಿ.-ರಿಲಯನ್ಸ್ ಸಂಸ್ಥೆಗೆ ವಹಿಸಿಕೊಟ್ಟಿತ್ತು. ಎಫ್.ಎಸ್.ಡಿ.ಎಲ್. ಅದರ ಉತ್ತರಾಧಿಕಾರಿ. ಆ ಒಡಂಬಡಿಕೆ ಮುಗಿಯುವುದು 2025ರ ಡಿಸೆಂಬರ್ 8ರಂದು. ಸೆಪ್ಟೆಂಬರಿನಲ್ಲಿ ಆರಂಭವಾಗುವ ಲೀಗಿನ ಮೂರನೆಯ ಒಂದು ಭಾಗ ಮುಗಿಯುವುದರೊಳಗೆ ಅದನ್ನು ನಡೆಸುವವನ ಅಧಿಕಾರವೇ ಮುಗಿದುಹೋಗುತ್ತಿತ್ತು. ಹೊಸ ಒಡಂಬಡಿಕೆ ಮಾಡಿಕೊಳ್ಳೋಣವೆಂದರೆ, ಒಕ್ಕೂಟದ ನಿಯಮಾವಳಿಯ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ಮುಂದಿತ್ತು. ಅದು ತೀರ್ಮಾನವಾಗುವವರೆಗೆ ಹಕ್ಕುಗಳ ವಿಷಯದಲ್ಲಿ ಮುಂದುವರಿಯಕೂಡದೆಂಬ ಸೂಚನೆಯೂ ಇದ್ದಿತು. ಮುಕ್ತಾಯದ ದಿನಾಂಕವು 15 ವರ್ಷಗಳಿಂದ ಎಲ್ಲರಿಗೂ ಗೊತ್ತಿದ್ದಿತೆಂಬುದನ್ನು ಮಾತ್ರ ಯಾರೂ ಗಟ್ಟಿಯಾಗಿ ಹೇಳಿದಂತೆ ಕಾಣಲಿಲ್ಲ. ಇದು ಸಿಡಿಲೆರಗಿದಂತೆ ಬಂದ ವಿಪತ್ತಲ್ಲ. ಪಂಚಾಂಗದಲ್ಲಿ ಬರೆದಿಟ್ಟಿದ್ದ ಗ್ರಹಣ.

ಆಗಸ್ಟ್ 4ರಂದು ಬೆಂಗಳೂರು ಎಫ್.ಸಿ.ಯು ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲದವರೆಗೆ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳಿಗೂ ತರಬೇತಿ ಶಾಲೆಗಳಿಗೂ ಈ ನಿರ್ಧಾರ ತಟ್ಟದೆಂದೂ ಅದು ತಿಳಿಸಿತು. ನನ್ನ ಮಿತ್ರರಲ್ಲಿ ಹಲವರು ತಂಡದ ಯಜಮಾನರ ಪರವಾಗಿಯೇ ವಾದಿಸಿದರು. ಲೀಗೇ ಇಲ್ಲದಿರುವಾಗ ಟಿಕೆಟಿನ ಹಣವಿಲ್ಲ, ಪ್ರಾಯೋಜಕರಿಲ್ಲ, ಸಂಬಳವೆಲ್ಲಿಂದ ಬರಬೇಕು? ವರ್ಷವರ್ಷವೂ ನಷ್ಟವನ್ನೇ ತಾಳಿಕೊಂಡು ಬಂದವರ ಮೇಲೆ ಕಲ್ಲೆಸೆಯುವುದು ಕೃತಘ್ನತೆಯಲ್ಲವೆ? ಈ ವಾದದಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಆದರೆ ಅದು ಅರ್ಧ ಸತ್ಯ. ಆಟಗಾರನು ಕರಾರು ಮಾಡಿಕೊಂಡುದು ತನ್ನ ಕ್ಲಬ್ಬಿನ ಜೊತೆಗೆ, ಲೀಗಿನ ಜೊತೆಗಲ್ಲ. ಮಳೆ ಬರಲಿಲ್ಲವೆಂದು ಜೀತದಾಳಿನ ಕೂಳನ್ನು ನಿಲ್ಲಿಸುವ ಗೌಡನನ್ನು ನಮ್ಮ ಸಾಹಿತ್ಯ ಎಂದೂ ಕ್ಷಮಿಸಿಲ್ಲ. ಹೆಸರಾಂತ ಆಟಗಾರನಿಗೆ ನಾಲ್ಕು ತಿಂಗಳ ಸಂಬಳ ತಪ್ಪಿದರೆ ಅದು ತೊಂದರೆ. ಅಂಗಿಗಳನ್ನು ಒಗೆದು ಮಡಿಚಿಡುವವನಿಗೆ, ಆಟಗಾರರ ಕಾಲುಗಳನ್ನು ನೀವುವವನಿಗೆ, ಅದು ಮನೆ ಬಾಡಿಗೆಯ ಪ್ರಶ್ನೆ. ‘ಸಿಬ್ಬಂದಿ’ ಎಂಬ ಒಂದು ಪದದೊಳಗೆ ಇಂಥ ಎಷ್ಟು ಮಂದಿ ಇದ್ದಾರೆಂಬುದು ನೆನಪಾದಾಗ, ನನ್ನ ತಂಡದ ಮೇಲಣ ಪ್ರೀತಿಗೂ ಅದರ ಯಜಮಾನಿಕೆಯ ಮೇಲಣ ವಿಶ್ವಾಸಕ್ಕೂ ನಡುವೆ ಒಂದು ಗೆರೆ ಎಳೆಯುವುದು ನನಗೆ ಅನಿವಾರ್ಯವಾಯಿತು.

ಬೆಂಗಳೂರಿನ ಹಿರಿಯರು ಈ ಸಂದರ್ಭದಲ್ಲಿ ಹಳೆಯ ಕಾಲವನ್ನು ಸ್ಮರಿಸಿದುದು ಸಹಜ. 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ತಂದ ಬೆಂಗಳೂರು ಮುಸ್ಲಿಂಸ್, ಸಂತೋಷ್ ಟ್ರೋಫಿಯನ್ನು ಗೆದ್ದ ಮೈಸೂರು ತಂಡ, ಆಮೇಲೆ ಐ.ಟಿ.ಐ., ಎಚ್.ಎ.ಎಲ್. ಮೊದಲಾದ ಕಾರ್ಖಾನೆಗಳ ತಂಡಗಳು—ಈ ಊರಿಗೆ ಕಾಲ್ಚೆಂಡು 2013ರಲ್ಲಿ ಬಂದುದಲ್ಲ. ಕಾರ್ಖಾನೆಯ ಆಟಗಾರನಿಗೆ ಪಂದ್ಯಾವಳಿ ನಿಂತರೂ ತಿಂಗಳ ಸಂಬಳ ನಿಲ್ಲುತ್ತಿರಲಿಲ್ಲ. ಮೊಣಕಾಲು ಕೆಟ್ಟರೂ ನೌಕರಿ ಇರುತ್ತಿತ್ತು. ಆ ಪದ್ಧತಿ ಮರಳಿ ಬರುವಂತಿಲ್ಲ, ಬರಬೇಕೆಂದು ನಾನೂ ಬಯಸುವುದಿಲ್ಲ. ಆಟವನ್ನೇ ಉಸಿರಾಗಿಸಿಕೊಂಡವನು ಆಟದಿಂದಲೇ ಬದುಕಬೇಕೆಂಬುದು ನ್ಯಾಯವಾದ ಆಸೆ. ಆದರೆ ವೃತ್ತಿಪರತೆ ಎಂಬ ಹೊಸ ಮನೆಗೆ ಆಟಗಾರನನ್ನು ಕರೆತಂದವರು ಹಳೆಯ ಮನೆಗಿದ್ದ ಸೂರನ್ನು ಇದಕ್ಕೂ ಹೊದಿಸಿದ್ದಾರೆಯೆ ಎಂದು ನೋಡಬೇಕಾಗಿತ್ತು.

ಸೆಪ್ಟೆಂಬರ್ 19ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದಿತು. ಹಕ್ಕುಗಳಿಗೆ ಟೆಂಡರು ಕರೆಯಲಾಯಿತು. ಹಿಂದಿನವರು ವರ್ಷಕ್ಕೆ 50 ಕೋಟಿ ಕೊಡುತ್ತಿದ್ದ ಜಾಗದಲ್ಲಿ ಈ ಬಾರಿ ಕನಿಷ್ಠ ಮೊತ್ತವನ್ನು 37.5 ಕೋಟಿಗೆ ಇಳಿಸಿದ್ದರೂ, ನವೆಂಬರ್ 7ರ ಗಡುವಿನೊಳಗೆ ಒಬ್ಬರೂ ಮುಂದೆ ಬರಲಿಲ್ಲ. ಶತಕೋಟಿಗೂ ಮೀರಿದ ಜನರಿರುವ ದೇಶದ ಅತ್ಯುಚ್ಚ ಲೀಗಿಗೆ ಬೇಡಿಕೆದಾರನೇ ಇಲ್ಲ! ನಮ್ಮ ಕೂಗಾಟ, ಪಶ್ಚಿಮದ ಗ್ಯಾಲರಿಯ ನೀಲಿ ಬಾವುಟಗಳು, ಗಂಟಲು ಹರಿಯುವವರೆಗಿನ ಹಾಡು, ಇವುಗಳಿಗೆ ಪೇಟೆಯಲ್ಲಿ ಬೆಲೆ ಎಷ್ಟೆಂಬುದನ್ನು ಅಷ್ಟು ನಿಷ್ಠುರವಾಗಿ ಯಾರೂ ನಮಗೆ ತಿಳಿಸಿರಲಿಲ್ಲ.

ಇಲ್ಲಿ ಛೇತ್ರಿಯ ಎರಡು ಮನವಿಗಳನ್ನು ಹೋಲಿಸಿ ನೋಡಬೇಕು. 2018ರ ಜೂನಿನಲ್ಲಿ, ಮುಂಬಯಿಯಲ್ಲಿ ಭಾರತದ ಪಂದ್ಯಕ್ಕೆ ಎರಡೂವರೆ ಸಾವಿರ ಜನವಷ್ಟೇ ಬಂದಾಗ, ಆತ ದೃಶ್ಯಮುದ್ರಿಕೆಯೊಂದರಲ್ಲಿ ಕೈಮುಗಿದು ಜನರನ್ನು ಕ್ರೀಡಾಂಗಣಕ್ಕೆ ಕರೆದ. ಬೈಯುವುದಕ್ಕಾದರೂ ಬನ್ನಿ ಎಂಬುದು ಆ ಕರೆಯ ಭಾವ. ಮುಂದಿನ ಪಂದ್ಯಕ್ಕೆ ಕ್ರೀಡಾಂಗಣ ತುಂಬಿತು. 2026ರ ಜನವರಿಯ ಮೊದಲ ವಾರದಲ್ಲಿ ಛೇತ್ರಿ, ಗುರುಪ್ರೀತ್ ಮತ್ತಿತರ ಆಟಗಾರರು ಮತ್ತೊಂದು ಮನವಿ ಮಾಡಿದರು. ಈ ಸಲ ಅದು ವಿಶ್ವ ಸಂಸ್ಥೆಯಾದ ಫಿಫಾಕ್ಕೆ: ಭಾರತದ ಕಾಲ್ಚೆಂಡನ್ನು ಉಳಿಸಿ ಎಂದು. ಮೊದಲನೆಯ ಕರೆಗೆ ಉತ್ತರಿಸುವ ಶಕ್ತಿ ನಮ್ಮಲ್ಲಿದ್ದಿತು. ಚೀಟಿ ಕೊಂಡು ಹೋಗಿ ಕುಳಿತರೆ ಸಾಕಾಗಿತ್ತು. ಎರಡನೆಯ ಕರೆಯಲ್ಲಿ ನಮ್ಮನ್ನು ಕೇಳಿರಲಿಲ್ಲ. ಕೇಳಿದ್ದರೂ ಕೊಡಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಆ ಹತ್ತು ತಿಂಗಳಲ್ಲಿ ನನ್ನನ್ನು ಅತಿಯಾಗಿ ಕಲಕಿದುದು ಇದು.

ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯರು ಲೀಗು ಫೆಬ್ರವರಿ 14ರಿಂದ ನಡೆಯುವುದೆಂದು ಘೋಷಿಸಿದರು. ಹದಿನಾಲ್ಕು ತಂಡಗಳು, ಪ್ರತಿಯೊಂದು ಎದುರಾಳಿಯೊಡನೆ ಒಂದೇ ಪಂದ್ಯ, ಒಟ್ಟು 91. ಹಿಂದಿನ ಋತುವಿನಲ್ಲಿ ಪ್ರತಿ ತಂಡಕ್ಕೂ 24 ಲೀಗ್ ಪಂದ್ಯಗಳಿದ್ದುವು, ಈಗ 13. ಏಪ್ರಿಲ್ 12ರ ಅಂತಿಮ ಪಂದ್ಯದಿಂದ ಎಣಿಸಿದರೆ ಲೀಗಿನ ಆಟವಿಲ್ಲದೆ 308 ದಿನಗಳು ಕಳೆದಿದ್ದುವು. ನಡುವೆ ಗೋವೆಯಲ್ಲಿ ಸೂಪರ್ ಕಪ್ ನಡೆಯಿತೆನ್ನಿ. ಹಸಿದವನಿಗೆ ಅದು ಪಾನಕ ಕೊಟ್ಟಂತಾಯಿತು.

ನ್ಯಾಯಾಲಯವು ಒಪ್ಪಿದ ಒಕ್ಕೂಟದ ಹೊಸ ನಿಯಮಾವಳಿಯಲ್ಲಿ ಹೆಸರಾಂತ ಆಟಗಾರರಿಗೆ ಮತದ ಹಕ್ಕುಂಟು. ತರಬೇತುದಾರರಿಗೆ, ರೆಫರಿಗಳಿಗೆ, ಕ್ಲಬ್ಬುಗಳಿಗೆ ಸ್ಥಾನವುಂಟು. ಇದು ಮುನ್ನಡೆಯೇ. ಚೀಟಿ ಕೊಂಡು ನೋಡುವವನಿಗೆ ಅಲ್ಲಿ ಕುರ್ಚಿಯಿಲ್ಲ. ಜರ್ಮನಿಯ ಕ್ಲಬ್ಬುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಮತಾಧಿಕಾರವು ಸದಸ್ಯರ ಕೈಯಲ್ಲಿರಬೇಕೆಂಬ ನಿಯಮವುಂಟು. ಕೆಲವು ವಿನಾಯಿತಿಗಳಿದ್ದರೂ ಒಟ್ಟಿನಲ್ಲಿ ಅದು ನಿಂತಿದೆ. ಅಂಥದನ್ನು ನಾಳೆಯೇ ಇಲ್ಲಿಗೆ ತರಬೇಕೆನ್ನುವಷ್ಟು ಹುಚ್ಚು ನನಗಿಲ್ಲ, ಏಕೆಂದರೆ ನಮ್ಮ ಕ್ಲಬ್ಬುಗಳ ನಷ್ಟವನ್ನು ಹೊರುವಷ್ಟು ಸದಸ್ಯರು ನಮ್ಮಲ್ಲಿಲ್ಲ. ಆದರೆ ಒಡಂಬಡಿಕೆ ಯಾವ ದಿನ ಮುಗಿಯುತ್ತದೆ, ಅದಕ್ಕೆ ಎಷ್ಟು ತಿಂಗಳು ಮೊದಲು ಹೊಸದಾಗಬೇಕು, ಆಗದಿದ್ದರೆ ಸಂಬಳಕ್ಕೆ ಮೀಸಲು ನಿಧಿ ಎಲ್ಲಿದೆ ಎಂದು ಕೇಳಿ ಲಿಖಿತ ಉತ್ತರ ಪಡೆಯುವ ಹಕ್ಕು ವರ್ಷದ ಚೀಟಿ ಕೊಂಡವನಿಗೆ ಇರಬಾರದೇಕೆ? ಫೆಬ್ರವರಿಯ ಏರ್ಪಾಡು ಆ ಒಂದು ಋತುವಿಗಾಗಿ ತರಾತುರಿಯಲ್ಲಿ ಕೂಡಿಸಿದುದು. ಬಿಡುವಿನ ಕಾಲವಂತೂ ಪ್ರತಿವರ್ಷ ಬರುವಂಥದು. ಹಿಂಬದಿಯ ಸಾಲಿಗೆ ಯಾರು ಬರುತ್ತಾರೆಂದು ವಿಚಾರಿಸುವ ಮೊದಲು ಈ ಪ್ರಶ್ನೆಗಳನ್ನು ವಿಚಾರಿಸುವ ಅಭ್ಯಾಸ ನನಗೀಗ ಹತ್ತಿಕೊಂಡಿದೆ.